ಕೇಳದೆ ಬಂದ ಹೆಸರನ್ನು ವಾಪಸ್ ಕೊಡಲು ಪಟ್ಟ ಪಾಡು

"ಕಂಗ್ರಾಟ್ಸ್ ಕಣೇ! ಅದ್ಸರಿ, ಕೊಲಿಸ್ಟಿನ್‌ಗೆ ಡಿಸ್ಕ್ ಇಡೋಕೆ ಯಾವಾಗಿಂದ ಶುರು ಮಾಡ್ದೆ?"

ಎಂಡಿ ಓದುವಾಗ ನನ್ನ ರೂಮ್‌ಮೇಟ್ ಆಗಿದ್ದವಳು ಕಳಿಸಿದ ವಾಟ್ಸ್ಆ್ಯಪ್ ಸಂದೇಶ. ಕೆಳಗೊಂದು ಜರ್ನಲ್ ಲಿಂಕ್. ಯಾರಿಗೋ ಕಳಿಸಬೇಕಾದ್ದು ನನಗೆ ಬಂದಿರಬೇಕು ಅಂದುಕೊಂಡು ಸುಮ್ಮನಾದೆ. ಮಗು ಮಲಗಿದ ಮೇಲೆ ತೆರೆದು ನೋಡಿದರೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣುಗಳಲ್ಲಿ ಸಿಗುವ ಬ್ಯಾಕ್ಟೀರಿಯಾಗಳ ಮೇಲೆ ನಮ್ಮದೇ ಕಾಲೇಜಿನ ಸರ್ಜರಿಯವರು ಬರೆದ ಪೇಪರ್. ಐದು ಜನ ಆಥರ್‌ಗಳು. ಮೂರನೆಯ ಹೆಸರು ನನ್ನದು.

ಹೆಸರಿನ ಕೆಳಗೆ ‘ಅಸೋಸಿಯೇಟ್ ಪ್ರೊಫೆಸರ್, ಮೈಕ್ರೋಬಯಾಲಜಿ’ ಅಂತ ಇತ್ತು. ನಾನಿನ್ನೂ ಅಸಿಸ್ಟೆಂಟ್ ಪ್ರೊಫೆಸರ್. ಕಾಲೇಜು ಕೊಡದ ಬಡ್ತಿಯನ್ನು ಸರ್ಜರಿಯವರು ಕೊಟ್ಟುಬಿಟ್ಟಿದ್ದರು. ಪಕ್ಕದಲ್ಲಿ ನನ್ನ ಹೆಸರಿಗೆ ಯಾವುದೋ ಅಂಕಿಗಳನ್ನು ಅಂಟಿಸಿ ಮಾಡಿದ್ದ ಜಿಮೇಲ್ ವಿಳಾಸ, ಅದೂ ನನ್ನದಲ್ಲ. ಪೇಪರ್ ಸಲ್ಲಿಸಿದಾಗ ಜರ್ನಲ್ ಎಲ್ಲ ಆಥರ್‌ಗಳಿಗೂ ಮೇಲ್ ಕಳಿಸುತ್ತದಲ್ಲ, ಅದು ನನಗೆ ಯಾಕೆ ಬರಲಿಲ್ಲ ಅನ್ನುವುದು ಅಲ್ಲೇ ಗೊತ್ತಾಯಿತು.

ಇದರ ಹಿಂದೆ ಬಿದ್ದು ಆ ಹೆಸರನ್ನು ತೆಗೆಸುವುದರೊಳಗೆ ಸುಮಾರು ಒಂದು ವರ್ಷವೇ ಹಿಡಿಯಿತು. ಹೆಸರು ಸೇರಿಸಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ತೆಗೆಸುವುದು ಹೇಗೆ ಅಂತ ಕೇಳಿದಾಗ ನನಗೆ ಒಬ್ಬರೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗೆಳತಿಯ ಕುಹಕದ ಅರ್ಥ ಹೇಳಿಬಿಡುತ್ತೇನೆ. ಕೊಲಿಸ್ಟಿನ್ ಅನ್ನುವುದು ಬೇರೆಲ್ಲ ಆ್ಯಂಟಿಬಯಾಟಿಕ್ ಕೈಕೊಟ್ಟಾಗ ಐಸಿಯುನಲ್ಲಿ ಕೊನೆಗೆ ತೆಗೆಯುವ ಔಷಧ. ಅದರ ಅಣು ದೊಡ್ಡದು, ನಾವು ಬ್ಯಾಕ್ಟೀರಿಯಾ ಬೆಳೆಸುವ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಹಾಗಾಗಿ ಪ್ಲೇಟಿನ ಮೇಲೆ ಔಷಧದ ಡಿಸ್ಕ್ ಇಟ್ಟು ಸುತ್ತಲಿನ ವಲಯ ಅಳೆಯುವ ಮಾಮೂಲಿ ವಿಧಾನ ಇದಕ್ಕೆ ನಡೆಯುವುದಿಲ್ಲ. ಲ್ಯಾಬ್ ಪರೀಕ್ಷೆಗಳಿಗೆ ನಾವೆಲ್ಲ ಅನುಸರಿಸುವ ಸಿಎಲ್‌ಎಸ್‌ಐ ಮಾನದಂಡದಲ್ಲಿ 2020ರಿಂದ ಕೊಲಿಸ್ಟಿನ್‌ಗೆ ‘ಸೆನ್ಸಿಟಿವ್’, ಅಂದರೆ ಔಷಧ ಕೆಲಸ ಮಾಡುತ್ತದೆ ಅನ್ನುವ ವರ್ಗವೇ ಇಲ್ಲ. ಇರುವುದು ‘ಇಂಟರ್‌ಮೀಡಿಯೆಟ್’ ಮತ್ತು ‘ರೆಸಿಸ್ಟೆಂಟ್’ ಮಾತ್ರ. ಈ ಪೇಪರಿನ ಮೂರನೇ ಟೇಬಲ್‌ನಲ್ಲಿ ಡಿಸ್ಕ್ ವಿಧಾನದಿಂದ ಕೊಲಿಸ್ಟಿನ್ ನೂರಕ್ಕೆ ನೂರು ಸೆನ್ಸಿಟಿವ್ ಅಂತ ಬರೆದಿದ್ದರು. ಮೈಕ್ರೋಬಯಾಲಜಿಯ ಯಾವ ಪಿಜಿಗೆ ತೋರಿಸಿದರೂ ನಗುತ್ತಾರೆ. ಆಥರ್‌ಗಳ ಪೈಕಿ ಮೈಕ್ರೋಬಯಾಲಜಿಯವಳು ನಾನೊಬ್ಬಳೇ. ಅಂದರೆ ಆ ಟೇಬಲ್ ನನ್ನ ತಲೆಯ ಮೇಲೆ. ಪೇಪರಿನ ಕೊನೆಯಲ್ಲಿ, ಯಾರು ಏನು ಮಾಡಿದರು ಅಂತ ಬರೆಯುವ ಜಾಗದಲ್ಲಿ, ನನ್ನ ಇನಿಷಿಯಲ್ಸ್ ಮುಂದೆ ‘ದತ್ತಾಂಶದ ವಿಶ್ಲೇಷಣೆ, ಕರಡಿನ ಪರಿಷ್ಕರಣೆ’ ಅಂತ ಬೇರೆ ಇತ್ತು.

ಆಸೆ ಆಗಲಿಲ್ಲವೇ ಅಂತ ಹಲವರು ಕೇಳಿದ್ದಾರೆ. ಆಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿಯ ಆಗಿನ 2022ರ ನಿಯಮದ ಪ್ರಕಾರ ಬಡ್ತಿಗೆ ಲೆಕ್ಕಕ್ಕೆ ಬರಬೇಕಾದರೆ ಮೊದಲ ಮೂರು ಹೆಸರುಗಳಲ್ಲಿ ಇರಬೇಕಿತ್ತು, ಇಲ್ಲವೇ ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಕರೆಸ್ಪಾಂಡಿಂಗ್ ಆಥರ್ ಆಗಿರಬೇಕಿತ್ತು. ಅಸೋಸಿಯೇಟ್ ಆಗಲು ಎರಡು ಪೇಪರ್ ಬೇಕಿತ್ತು, ನನ್ನ ಹತ್ತಿರ ಇದ್ದದ್ದು ಒಂದು. ಮೂರನೇ ಜಾಗದಲ್ಲಿ ಹೆಸರು ಹಾಕಿದವರಿಗೆ ಈ ಲೆಕ್ಕವೆಲ್ಲ ಗೊತ್ತಿತ್ತು. ಸುಮ್ಮನೆ ಇದ್ದಿದ್ದರೆ ಆ ವರ್ಷವೇ ನನ್ನ ಫೈಲ್ ಮುಂದೆ ಹೋಗುತ್ತಿತ್ತು.

ಮಾರನೆಯ ದಿನ ಲ್ಯಾಬಿಗೆ ಹೋದವಳು ಪೇಪರಿನ ಪಿಡಿಎಫ್ ಇಳಿಸಿಕೊಂಡು, ಜರ್ನಲ್ ಪುಟದ ಸ್ಕ್ರೀನ್‌ಶಾಟನ್ನು ತಾರೀಕು ಕಾಣುವಂತೆ ತೆಗೆದಿಟ್ಟೆ. ಇದೇ ಪಾಡು ನಿಮಗೆ ಬಂದರೆ ಯಾರನ್ನೂ ಕೇಳುವ ಮೊದಲು ಇಷ್ಟು ಮಾಡಿ. ಕೆಲವು ಜರ್ನಲ್‌ಗಳು ಸದ್ದಿಲ್ಲದೆ ಪುಟ ಬದಲಿಸುತ್ತವೆ, ಆಮೇಲೆ ‘ಹಾಗೇನೂ ಇರಲೇ ಇಲ್ಲವಲ್ಲ’ ಅನ್ನುತ್ತಾರೆ.

ಮೊದಲ ಆಥರ್ ಸರ್ಜರಿ ಪಿಜಿ, ಕೊನೆಯ ವರ್ಷದ ಹುಡುಗ. ಪಸ್ ಸ್ಯಾಂಪಲ್ ರಿಪೋರ್ಟ್ ಕೇಳಿಕೊಂಡು ದಿನವೂ ನಮ್ಮ ಕಿಟಕಿಗೆ ಬರುವವನು. ಒಳಗೆ ಕರೆದು ಕೂರಿಸಿ ಕೇಳಿದೆ.

"ನಿಮಗೆ ಗೊತ್ತಿಲ್ವಾ ಮೇಡಂ? ಗೈಡ್ ಸರ್ ಹೇಳಿರ್ತಾರೆ ಅನ್ಕೊಂಡೆ." ಅವನ ಮುಖ ಬಿಳುಚಿಕೊಂಡಿತು. "ಹೆಸರು ಯಾವ ಆರ್ಡರ್‌ನಲ್ಲಿ ಹಾಕ್ಬೇಕು ಅಂತ ಸರ್ ಒಂದು ಚೀಟೀಲಿ ಬರ್ಕೊಟ್ರು. ನಾನು ಹಾಗೇ ಟೈಪ್ ಮಾಡ್ದೆ."

ಚೀಟಿಯಲ್ಲಿ ಇದ್ದವರು ಅವನು, ಗೈಡ್, ನಾನು, ಕೆಲಸ ಬಿಟ್ಟು ಗಲ್ಫ್‌ಗೆ ಹೋಗಿರುವ ಒಬ್ಬ ಸೀನಿಯರ್ ರೆಸಿಡೆಂಟ್, ಕೊನೆಗೆ ಅವರ ಎಚ್‌ಒಡಿ. ಲಗ್ನಪತ್ರಿಕೆಯ ಕೆಳಗೆ ‘ಸುಖಾಗಮನ ಬಯಸುವವರು’ ಅಂತ ಊರಿನವರನ್ನೆಲ್ಲ ಸೇರಿಸುತ್ತಾರಲ್ಲ, ಹಾಗೆ. ಜರ್ನಲ್ ಫೀಸ್ ಕಟ್ಟಿದವರು ಯಾರು ಅಂತ ಕೇಳಿದೆ. ಪೂರ್ತಿ ಅವನೇ, ತನ್ನ ಸ್ಟೈಪೆಂಡ್‌ನಿಂದ.

ಕೊಲಿಸ್ಟಿನ್ ವಿಷಯವೂ ಅಲ್ಲೇ ಬಯಲಾಯಿತು. ಕೆಲವು ರೋಗಿಗಳು ಅಡ್ಮಿಟ್ ಆಗುವ ಮೊದಲೇ ಹೊರಗಿನ ಲ್ಯಾಬುಗಳಲ್ಲಿ ಕಲ್ಚರ್ ಮಾಡಿಸಿದ್ದರು. ಆ ರಿಪೋರ್ಟ್‌ಗಳನ್ನೂ ನಮ್ಮ ರಿಪೋರ್ಟ್‌ಗಳನ್ನೂ ಒಂದೇ ಎಕ್ಸೆಲ್ ಶೀಟಿಗೆ ತುಂಬಿಸಿದ್ದ. ‘ಎಲ್ಲ ಪರೀಕ್ಷೆಗಳೂ ನಮ್ಮ ಕಾಲೇಜಿನ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ನಡೆದಿವೆ’ ಅನ್ನುವ ವಾಕ್ಯ ಅವನು ಹಳೆಯ ಯಾವುದೋ ಥೀಸಿಸ್‌ನಿಂದ ಎತ್ತಿಕೊಂಡದ್ದು.

ಗೈಡ್‌ರನ್ನು ಕಾಣಲು ಓಟಿಯ ಹೊರಗೆ ಕಾದು ನಿಂತೆ. ಒಳ್ಳೆಯ ಸರ್ಜನ್, ಒಳ್ಳೆಯ ಮನುಷ್ಯರೇ. ನನ್ನ ಮಾತು ಕೇಳಿ ನಕ್ಕುಬಿಟ್ಟರು. "ಅಲ್ಲ ಡಾಕ್ಟ್ರೇ, ಹೆಸರು ಬಿಟ್ಟಿದ್ದಕ್ಕೆ ಜಗಳಕ್ಕೆ ಬರೋರನ್ನ ನೋಡಿದೀನಿ. ಹಾಕಿದ್ದಕ್ಕೆ ಬಂದೋರು ನೀವೇ ಮೊದಲು. ಕಲ್ಚರ್ ಎಲ್ಲಾ ನೀವೇ ತಾನೇ ಮಾಡಿದ್ದು? ಲ್ಯಾಬಿನೋರನ್ನ ಯಾವಾಗ್ಲೂ ಮರೀತಾರೆ ಅಂತ ನೀವೇ ಹೇಳ್ತಿದ್ರಲ್ಲ."

ಆ ಕೊನೆಯ ಮಾತು ನಿಜ. ನಮ್ಮ ವಿಭಾಗದವರನ್ನು ಮರೆಯುವುದು ವಾಡಿಕೆ, ಅದರ ಬಗ್ಗೆ ನಾನೇ ಮೀಟಿಂಗ್‌ನಲ್ಲಿ ಗೊಣಗಿದ್ದೇನೆ. ಆದರೆ ವಾರ್ಡಿನಿಂದ ಬಂದ ಸ್ವಾಬ್ ಅನ್ನು ಪ್ಲೇಟಿಗೆ ಎಳೆದು, ಮೂರನೇ ದಿನ ರಿಪೋರ್ಟಿಗೆ ಸಹಿ ಹಾಕುವುದು ನಮ್ಮ ಸಂಬಳದ ಕೆಲಸ. ಅದಕ್ಕೇ ಆಥರ್ ಪಟ್ಟ ಸಿಗುವುದಾದರೆ ಎಕ್ಸ್‌ರೇ ತೆಗೆದವರಿಗೂ ಸಿಗಬೇಕು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ನಾವು ಐಸಿಎಂಜೆಇ ಅನ್ನುವುದು, 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಸಂಪಾದಕರ ಗುಂಪಿನಿಂದ ಬೆಳೆದದ್ದು. ಅವರ ಪ್ರಕಾರ ಆಥರ್ ಅನ್ನಿಸಿಕೊಳ್ಳಲು ನಾಲ್ಕು ಷರತ್ತು. ಅಧ್ಯಯನದ ಯೋಜನೆಯಲ್ಲೋ, ದತ್ತಾಂಶ ಸಂಗ್ರಹ–ವಿಶ್ಲೇಷಣೆಯಲ್ಲೋ ಗಣನೀಯ ಪಾಲಿರಬೇಕು. ಕರಡು ಬರೆದಿರಬೇಕು ಅಥವಾ ವಿಮರ್ಶಿಸಿ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಲ್ಕನೆಯದು 2013ರಲ್ಲಿ ಸೇರಿದ್ದು: ಪೇಪರಿನ ಬಗ್ಗೆ ನಾಳೆ ಪ್ರಶ್ನೆ ಬಂದರೆ ಉತ್ತರ ಹೇಳುವ ಹೊಣೆ ಹೊರಬೇಕು. ನಾಲ್ಕೂ ಇರಬೇಕು, ಯಾವುದೋ ಒಂದಿದ್ದರೆ ಸಾಲದು. ಹಣ ತಂದುಕೊಟ್ಟವರು, ಬರೀ ಮೇಲ್ವಿಚಾರಣೆ ಮಾಡಿದವರು ಕೃತಜ್ಞತೆಯ ಸಾಲಿಗೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುವ ಆನ್‌ಲೈನ್ ಸಂಶೋಧನಾ ಕೋರ್ಸಿನಲ್ಲಿ ಇದೇ ಪಾಠ ಇದೆ. ಪಿಜಿಗಳೂ ಅಧ್ಯಾಪಕರೂ ಪರೀಕ್ಷೆ ಬರೆದು ಪಾಸಾಗಿ ಸರ್ಟಿಫಿಕೇಟ್ ಫೈಲ್‌ನಲ್ಲಿ ಇಟ್ಟುಕೊಂಡಿರುತ್ತೇವೆ.

ನಮ್ಮ ಎಚ್‌ಒಡಿ ಮೇಡಂ ಬಾಗಿಲು ಹಾಕಿಸಿ ಬುದ್ಧಿ ಹೇಳಿದರು. "ನೋಡಮ್ಮಾ, ಇವತ್ತು ಅವರ ಪೇಪರ್‌ನಲ್ಲಿ ನಿನ್ನ ಹೆಸರು, ನಾಳೆ ನಮ್ಮದರಲ್ಲಿ ಅವರದ್ದು. ಹೀಗೇ ನಡ್ಕೊಂಡು ಬಂದಿದೆ. ಮೂರನೇ ಹೆಸರನ್ನ ಯಾರೂ ಏನೂ ಕೇಳಲ್ಲ."

ಕೇಳಿದ್ದಾರೆ. 1994ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ಮಾಲ್ಕಮ್ ಪಿಯರ್ಸ್ ಎಂಬ ಪ್ರಸೂತಿ ತಜ್ಞ, ಗರ್ಭಕೋಶದ ಹೊರಗೆ ಬೆಳೆಯುತ್ತಿದ್ದ ಭ್ರೂಣವನ್ನು ಒಳಗೆ ನೆಟ್ಟು ಹೆರಿಗೆ ಆಯಿತೆಂದು ಪ್ರಕಟಿಸಿದರು. ಅಂಥ ರೋಗಿಯೇ ಇರಲಿಲ್ಲ. ಜೊತೆಗೆ ಹೆಸರಿದ್ದವರಲ್ಲೊಬ್ಬರು ಜೆಫ್ರಿ ಚೇಂಬರ್ಲೇನ್. ವಿಭಾಗದ ಮುಖ್ಯಸ್ಥರು ಅವರೇ, ಪೇಪರ್ ಅಚ್ಚಾದ ಜರ್ನಲ್‌ನ ಸಂಪಾದಕರೂ ಅವರೇ, ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಅಧ್ಯಕ್ಷರೂ ಅವರೇ. ಆ ಕೆಲಸದಲ್ಲಿ ಅವರ ಪಾಲೇನೂ ಇರಲಿಲ್ಲ, ಮರ್ಯಾದೆಗೆ ಸೇರಿದ ಹೆಸರು. ಆದರೂ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. ಪಿಯರ್ಸ್ ಅವರನ್ನು 1995ರಲ್ಲಿ ವೈದ್ಯರ ರಿಜಿಸ್ಟರ್‌ನಿಂದಲೇ ತೆಗೆದರು. ಮೇಡಂಗೆ ಇದನ್ನು ಹೇಳಿದೆ. "ಅದು ಲಂಡನ್ ಕಣಮ್ಮಾ" ಅಂದರು.

ಲಂಡನ್ ಒಂದೇ ಅಲ್ಲ, ನಮ್ಮ ಊರೂ ಒಂದೇ ಅಲ್ಲ. ಅಮೆರಿಕದ ಜರ್ನಲ್‌ಗಳ ಮೇಲೆ 1998ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಜರ್ನಲ್‌ನಲ್ಲಿ ಬಂದ ಸಮೀಕ್ಷೆಯೊಂದರಲ್ಲಿ ಶೇ. 19ರಷ್ಟು ಲೇಖನಗಳಲ್ಲಿ ಇಂಥ ಗೌರವಾರ್ಥದ ಹೆಸರುಗಳಿದ್ದವು. ಸುಮಾರು ಹತ್ತು ವರ್ಷಗಳ ಮೇಲೆ, 2008ರ ಲೇಖನಗಳನ್ನು ನೋಡಿದಾಗಲೂ ಅದು ಇಳಿದದ್ದು ಶೇ. 17.6ಕ್ಕೆ. ಅವೆಲ್ಲ ದೊಡ್ಡ ದೊಡ್ಡ ಜರ್ನಲ್‌ಗಳು. ದೊಡ್ಡವರಲ್ಲೇ ಹೀಗಿದ್ದ ಮೇಲೆ ನಮ್ಮಲ್ಲಿ ಹೇಗಿರಬಹುದು ಅನ್ನುವುದನ್ನು ಯಾವುದೇ ಪಿಜಿಯನ್ನು ಟೀ ಕುಡಿಸಿ ಕೇಳಿದರೆ ತಿಳಿಯುತ್ತದೆ.

ಸಂಪಾದಕರಿಗೆ ಮೇಲ್ ಬರೆದೆ. ಮೊದಲ ಕರಡಿನಲ್ಲಿ ಸಿಟ್ಟೆಲ್ಲ ಇತ್ತು, ಅಳಿಸಿ ಮತ್ತೆ ಬರೆದೆ. ನಾನು ಯಾರು, ಯಾವ ಪೇಪರ್, ಅದರ ಗುರುತಿನ ಸಂಖ್ಯೆಯಾದ ಡಿಒಐ ಯಾವುದು, ಕರಡನ್ನು ನಾನು ನೋಡಿಲ್ಲ, ಒಪ್ಪಿಗೆ ಕೊಟ್ಟಿಲ್ಲ, ಅಲ್ಲಿರುವ ಇಮೇಲ್ ನನ್ನದಲ್ಲ, ಹೆಸರು ತೆಗೆಯಿರಿ. ಇಷ್ಟೇ. ಕಾಲೇಜಿನ ಅಧಿಕೃತ ಇಮೇಲ್‌ನಿಂದಲೇ ಕಳಿಸಿ. ಜಿಮೇಲ್‌ನಿಂದ ಕಳಿಸಿದರೆ, ಪೇಪರ್‌ನಲ್ಲಿರುವ ಆ ಸುಳ್ಳು ಜಿಮೇಲ್‌ಗೂ ನಿಮ್ಮದಕ್ಕೂ ಏನು ವ್ಯತ್ಯಾಸ ಅಂತ ಅವರಿಗೆ ತಿಳಿಯುವುದಿಲ್ಲ. ಟೇಬಲ್‌ನ ದೋಷವನ್ನು ಬೇರೆಯೇ ಮೇಲ್‌ನಲ್ಲಿ ಬರೆದೆ. ಎರಡನ್ನೂ ಬೆರೆಸಿದರೆ ಎರಡೂ ನಿಧಾನವಾಗುತ್ತವೆ ಅಂತ ಗೆಳತಿ ಹೇಳಿದ್ದಳು.

‘ನಿಮ್ಮ ಸಂದೇಶ ತಲುಪಿದೆ’ ಅನ್ನುವ ತಾನೇ ಹೊರಡುವ ಉತ್ತರ ಒಂದೇ ನಿಮಿಷಕ್ಕೆ ಬಂತು. ಆಮೇಲೆ ವಾರಗಟ್ಟಲೆ ಸುದ್ದಿಯಿಲ್ಲ. ಜ್ಞಾಪಿಸಿ ಬರೆದೆ, ಆಗಲೂ ಇಲ್ಲ. ಆ ಜರ್ನಲ್ ತನ್ನ ವೆಬ್‌ಸೈಟ್‌ನಲ್ಲಿ, ತಾನು ಕೋಪ್ ಮಾರ್ಗಸೂಚಿ ಪಾಲಿಸುತ್ತೇನೆ ಎಂದು ಹಾಕಿಕೊಂಡಿತ್ತು. ಕೋಪ್ ಅಂದರೆ ಪ್ರಕಟಣೆಯ ನೀತಿ ನೋಡಿಕೊಳ್ಳುವ, 1997ರಲ್ಲಿ ಬ್ರಿಟನ್ನಿನ ಸಂಪಾದಕರು ಹುಟ್ಟುಹಾಕಿದ ಸಮಿತಿ. ಹೀಗೆ ಹೆಸರು ಸೇರಿಸಿದಾಗ, ತೆಗೆಯಬೇಕಾದಾಗ ಸಂಪಾದಕರು ಏನು ಮಾಡಬೇಕು ಅಂತ ಅವರ ಫ್ಲೋಚಾರ್ಟ್‌ಗಳಿವೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಮೂರನೇ ಮೇಲ್‌ಗೆ ಅದನ್ನು ಲಗತ್ತಿಸಿದೆ. ಎರಡೇ ದಿನಕ್ಕೆ ಉತ್ತರ ಬಂತು.

ಉತ್ತರದ ಜೊತೆ ಒಂದು ಫಾರ್ಮ್. ಆಥರ್ ಪಟ್ಟಿ ಬದಲಾವಣೆಗೆ ಕಾರಣ ಬರೆದು ಐದೂ ಜನ ಸಹಿ ಹಾಕಬೇಕು. ಅಂದರೆ ನನ್ನನ್ನು ಕೇಳದೆ ನನ್ನ ಹೆಸರು ಹಾಕಿದವರ ಒಪ್ಪಿಗೆ ಪಡೆದು ನನ್ನ ಹೆಸರು ತೆಗೆಯಬೇಕು. ಓದಿ ಮೈ ಉರಿದುಹೋಯಿತು. ಆಮೇಲೆ ತಣ್ಣಗೆ ಯೋಚಿಸಿದಾಗ ಆ ನಿಯಮಕ್ಕೂ ಅರ್ಥವಿದೆ ಅನ್ನಿಸಿತು. ಅದಿಲ್ಲದಿದ್ದರೆ ನಿಜವಾಗಿ ದುಡಿದ ಪಿಜಿಯ ಹೆಸರನ್ನು ಯಾವ ಪ್ರೊಫೆಸರ್ ಬೇಕಾದರೂ ಒಂದು ಮೇಲ್‌ನಲ್ಲಿ ಅಳಿಸಿಬಿಡುತ್ತಿದ್ದರು. ಆಥರ್‌ಗಳಲ್ಲಿ ಒಮ್ಮತ ಬಾರದಿದ್ದರೆ ಸಂಪಾದಕರು ತಾವೇ ತೀರ್ಪು ಕೊಡುವುದಿಲ್ಲ, ಸಂಸ್ಥೆಗೆ ಬರೆದು ವಿಚಾರಿಸುತ್ತಾರೆ. ಹಾಗಾಗಿ ಜಗಳ ತಿರುಗಿ ನಿಮ್ಮ ಡೀನ್ ಮೇಜಿಗೇ ಬರುತ್ತದೆ ಅನ್ನುವುದು ಮೊದಲೇ ಗೊತ್ತಿರಲಿ.

ನಾನು ಸಲ್ಲಿಸಿದ್ದೆನೆನ್ನುವ ಕಾಪಿರೈಟ್ ಫಾರ್ಮ್‌ನ ಪ್ರತಿ ಕಳಿಸಿ ಅಂತ ಕೇಳಿದ್ದೆ. ಬಂತು. ಐದು ಸಹಿಗಳು, ಮೂರನೆಯದು ನನ್ನದೇ. ನಕಲಿಯಲ್ಲ, ನಾನೇ ಹಾಕಿದ ಸಹಿ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಸಹಿಯ ಬಾಲದ ಮೇಲೆ ನೀಲಿ ಮಸಿಯ ಒಂದು ಕಮಾನು, ಅದರೊಳಗೆ ಒಂದೆರಡು ಅರ್ಧ ಅಕ್ಷರ. ನಮ್ಮ ವಿಭಾಗದ ಸೀಲು. ಹಿನ್ನೆಲೆ ಉಳಿದ ಸಹಿಗಳಿಗಿಂತ ಒಂಚೂರು ಹಳದಿ, ನಾವು ರಿಪೋರ್ಟಿಗೆ ಬಳಸುವ ಅಗ್ಗದ ಕಾಗದದ ಬಣ್ಣ. ಕಲ್ಚರ್ ರಿಪೋರ್ಟಿನಿಂದ ಕತ್ತರಿಸಿ ಅಂಟಿಸಿದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಲಾಯರ್ ಆಗಿರುವ ನಮ್ಮ ಚಿಕ್ಕಪ್ಪನ ಮಗ, "ಪೊಲೀಸ್ ಕಂಪ್ಲೇಂಟ್ ಕೊಡು ಅಕ್ಕಾ, ಫೋರ್ಜರಿ ಆಗುತ್ತೆ" ಅಂದ. ಕೊಡಲಿಲ್ಲ. ಕತ್ತರಿಸಿ ಅಂಟಿಸಿದ ಕೈ ಯಾರದು ಅಂತ ತನಿಖೆ ಮಾಡಿದರೆ ಸಿಗುವುದು ಆ ಪಿಜಿ ಹುಡುಗ. ಚೀಟಿ ಬರೆದುಕೊಟ್ಟವರಲ್ಲ, ‘ಸಂಜೆಯೊಳಗೆ ಸಬ್‌ಮಿಟ್ ಆಗಬೇಕು’ ಅಂದವರಲ್ಲ. ಅವನಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಇದನ್ನು ಔದಾರ್ಯ ಅನ್ನಬೇಡಿ. ಅವನೊಬ್ಬನೇ ಸಿಕ್ಕಿಬಿದ್ದರೆ ಉಳಿದವರಿಗೆ ಅದೇ ಅನುಕೂಲ, ನನ್ನ ಕೆಲಸ ಆಗುತ್ತಿರಲಿಲ್ಲ.

ಇನ್ನು ದಾಖಲೆಗಳ ಮಾತು. ನನ್ನ ಕೈ ಹಿಡಿದದ್ದು ಮೂರು ಕಾಗದ. ಒಂದು, ಈ ಅಧ್ಯಯನಕ್ಕೆ ಎಥಿಕ್ಸ್ ಕಮಿಟಿ ಕೊಟ್ಟ ಅನುಮತಿ ಪತ್ರ. ಅದರಲ್ಲಿ ಸಂಶೋಧಕರ ಹೆಸರುಗಳಿರುತ್ತವೆ, ಪಿಜಿ ಮತ್ತು ಗೈಡ್ ಬಿಟ್ಟು ಯಾರೂ ಇರಲಿಲ್ಲ. ಎರಡು, ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಕಳಿಸಿದ ಥೀಸಿಸ್ ಸಿನಾಪ್ಸಿಸ್. ಅದರಲ್ಲಿ ಕೋ-ಗೈಡ್‌ಗೆ ಒಂದು ಜಾಗವಿದೆ. ಬೇರೆ ವಿಭಾಗದವರ ಪಾಲು ನಿಜಕ್ಕೂ ಇದ್ದರೆ ಅಲ್ಲಿ ಕಾಣಬೇಕು. ಖಾಲಿ ಇತ್ತು. ಮೂರು, ನನ್ನ ಹೆರಿಗೆ ರಜೆಯ ಆದೇಶ. ಅಧ್ಯಯನದ ಅವಧಿಯ ಅರ್ಧ ಭಾಗ ನಾನು ಕಾಲೇಜಿನಲ್ಲೇ ಇರಲಿಲ್ಲ. ಎಥಿಕ್ಸ್ ಪತ್ರದ ಪ್ರತಿ ಹೊರಗಿನವರಿಗೆ ಸುಲಭವಾಗಿ ಕೊಡುವುದಿಲ್ಲ. ನನಗೆ ಸಿಕ್ಕಿದ್ದು ಪಿಜಿಯ ಥೀಸಿಸ್‌ನ ಕೊನೆಯ ಅನುಬಂಧದಲ್ಲಿ. ಲೈಬ್ರರಿಯಲ್ಲಿ ಥೀಸಿಸ್ ಪ್ರತಿ ಇದ್ದರೆ ಅಲ್ಲೇ ಹುಡುಕಿ, ಅರ್ಜಿ ಹಾಕಿಕೊಂಡು ಅಲೆಯಬೇಡಿ.

ಮೂರನ್ನೂ ಲಗತ್ತಿಸಿ ಡೀನ್‌ಗೆ ಪತ್ರ ಬರೆದು ಇನ್‌ವರ್ಡ್‌ಗೆ ಕೊಟ್ಟೆ. ಗುಮಾಸ್ತರು, "ಸಬ್ಜೆಕ್ಟ್ ಏನಂತ ಬರೀಲಿ ಮೇಡಂ?" ಅಂದರು. "ಪೇಪರ್‌ನಿಂದ ನನ್ನ ಹೆಸರು ತೆಗೆಸೋದು" ಅಂದೆ. ಅವರು ರಿಜಿಸ್ಟರ್‌ನಲ್ಲಿ ‘ಹೆಸರು ಬದಲಾವಣೆ ಕುರಿತು’ ಅಂತ ಬರೆದುಕೊಂಡರು. ಫೈಲ್ ನೆಟ್ಟಗೆ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ಗೆ ಹೋಗಿ ಮಲಗಿತು. ನಾನು ಡೀನ್ ಸುಮ್ಮನಿದ್ದಾರೆ ಅಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ. ಬಹಳ ದಿನದ ಮೇಲೆ ಅಲ್ಲಿಂದ ಒಂದು ಮೆಮೊ ಬಂತು: ‘ಹೆಸರು ಬದಲಾವಣೆಗೆ ಸಂಬಂಧಿಸಿದಂತೆ ಅಫಿಡವಿಟ್ ಹಾಗೂ ವಿವಾಹ ನೋಂದಣಿ ಪತ್ರದ ದೃಢೀಕೃತ ಪ್ರತಿಯನ್ನು ಸಲ್ಲಿಸತಕ್ಕದ್ದು.’ ಗಂಡನಿಗೆ ತೋರಿಸಿದೆ. ನಮಗಿಬ್ಬರಿಗೂ ಆ ತಿಂಗಳಲ್ಲಿ ಹೊಟ್ಟೆ ತುಂಬ ನಗು ಬಂದದ್ದು ಅವತ್ತೊಂದೇ ದಿನ. ಪತ್ರ ಕೊಡುವಾಗ ವಿಷಯದ ಸಾಲನ್ನು ನೀವೇ ಬರೆದು, ರಿಜಿಸ್ಟರ್‌ನಲ್ಲೂ ಅದೇ ಬರೆಸಿ, ಸೀಲು ಹಾಕಿದ ಪ್ರತಿ ಇಸಿದುಕೊಳ್ಳಿ.

ಅಫಿಡವಿಟ್ ಹೇಗಿದ್ದರೂ ಬೇಕಾಯಿತು, ಕಾಲೇಜಿನ ಕಾನೂನು ಸಲಹೆಗಾರರೂ ಅದನ್ನೇ ಕೇಳಿದರು. ‘ಈ ಲೇಖನದ ಕರಡನ್ನು ನಾನು ನೋಡಿರುವುದಿಲ್ಲ, ಕಾಪಿರೈಟ್ ಪತ್ರಕ್ಕೆ ಸಹಿ ಮಾಡಿರುವುದಿಲ್ಲ’ ಅಂತ ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ ನೋಟರಿ ಮಾಡಿಸಿದ್ದು. ಸ್ಟಾಂಪ್, ಟೈಪಿಂಗ್, ನೋಟರಿ ಎಲ್ಲ ಸೇರಿ ಕೆಲವು ನೂರು ರೂಪಾಯಿ. ಜರ್ನಲ್ ನನ್ನಿಂದ ಏನೂ ಕೇಳಲಿಲ್ಲ. ತಿದ್ದುಪಡಿ ಹಾಕಲು ಹಣ ಕೇಳುವ ಜರ್ನಲ್ ನಿಮಗೆ ಸಿಕ್ಕರೆ ಅದರ ಯೋಗ್ಯತೆ ಏನೆಂದು ಅಲ್ಲೇ ತಿಳಿದುಕೊಳ್ಳಿ. ದೊಡ್ಡ ಖರ್ಚು ಬೇರೆಯದು. ಆ ವರ್ಷ ನನ್ನ ಬಡ್ತಿಯ ಫೈಲ್ ಹೋಗಲಿಲ್ಲ.

ಸಹಿಗಳ ಬೇಟೆ. ಪಿಜಿ ಪರೀಕ್ಷೆ ಮುಗಿದ ದಿನವೇ ಬಂದು ಸಹಿ ಹಾಕಿದ. ಗಲ್ಫ್‌ನಲ್ಲಿರುವವರು ಒಂದೇ ಮೇಲ್‌ಗೆ ‘ನನ್ನ ಹೆಸರು ಇದೆ ಅಂತ ನನಗೂ ಈಗಲೇ ಗೊತ್ತಾಯಿತು, ಇರಲಿ ಬಿಡಿ’ ಅಂತ ಬರೆದು ನನ್ನ ಕೋರಿಕೆಗೆ ಒಪ್ಪಿದರು. ‘ಇರಲಿ ಬಿಡಿ’ ಅಂದದ್ದು ತಮ್ಮ ಹೆಸರಿಗೆ. ದೂರ ಇರುವವರ ಸಹಿಯ ಬದಲು ಇಮೇಲ್ ಒಪ್ಪಿಗೆ ಸಾಕೇ ಅಂತ ಜರ್ನಲ್ಲನ್ನು ಮೊದಲೇ ಕೇಳಿಕೊಳ್ಳಿ, ನನಗೆ ಸಾಕು ಅಂದರು. ಗೈಡ್ ಮುಂದೂಡಿ ಮುಂದೂಡಿ ಕೊನೆಗೊಂದು ದಿನ ಮಾತಾಡದೆ ಸಹಿ ಹಾಕಿಕೊಟ್ಟರು. ಅವರ ಎಚ್‌ಒಡಿ ಮಾತ್ರ ಜಪ್ಪಯ್ಯ ಅಂದರೂ ಹಾಕಲಿಲ್ಲ. ಹಾಕಿದರೆ ತಪ್ಪೊಪ್ಪಿಕೊಂಡಂತೆ ಅನ್ನುವುದು ಅವರ ವಾದ. ಅಷ್ಟರಲ್ಲಿ ಕ್ಯಾಂಟೀನ್‌ನಲ್ಲಿ ಸರ್ಜರಿಯವರ ಟೇಬಲ್ ಪಕ್ಕ ಹಾದರೆ ಮಾತು ನಿಲ್ಲುತ್ತಿತ್ತು. ನಮ್ಮ ಟೆಕ್ನಿಷಿಯನ್‌ಗಳ ಮೇಲೆ, ‘ರಿಪೋರ್ಟ್ ತಡ’ ಅಂತ ವಾರ್ಡಿನಿಂದ ದೂರುಗಳು ಶುರುವಾದವು. ಅದು ನನಗೆ ನನ್ನ ಮೇಲಿನ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

ಐದನೇ ಸಹಿ ಬರುವುದಿಲ್ಲ ಅಂತ ಸಂಪಾದಕರಿಗೆ ಬರೆದೆ. ಅವರು ಡೀನ್‌ಗೆ ಪತ್ರ ಬರೆದರು. ಹೊರಗಿನಿಂದ, ಅದೂ ಲೆಟರ್‌ಹೆಡ್ ಮೇಲೆ ಪತ್ರ ಬಂದದ್ದೇ ತಡ, ತಿಂಗಳುಗಟ್ಟಲೆ ಅಲ್ಲಾಡದ ಫೈಲ್‌ಗೆ ಕಾಲು ಬಂತು. ಡೀನ್ ಮೂರು ಜನರ ಸಮಿತಿ ಮಾಡಿದರು. ಸಮಿತಿ ನಡೆದದ್ದು ಅರ್ಧ ಗಂಟೆ, ಅದರಲ್ಲಿ ಸಹಿಯ ಚಿತ್ರ ನೋಡಿದ್ದು ಐದು ನಿಮಿಷ. ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಸೀಲಿನ ಆ ನೀಲಿ ಚೂರನ್ನು ನೋಡಿ, "ಇದನ್ನ ಇಲ್ಲಿಗೇ ಮುಗಿಸೋದು ಒಳ್ಳೇದು" ಅಂದರು. ನನ್ನ ಹೆಸರು ತೆಗೆಯಲು ಸಂಸ್ಥೆಯ ಆಕ್ಷೇಪವಿಲ್ಲ ಅಂತ ಪತ್ರ ಹೋಯಿತು. ಆ ಸಹಿ ಹೇಗೆ ಬಂತು ಅನ್ನುವುದರ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡರೆ ತಿದ್ದುಪಡಿಯ ಒಕ್ಕಣೆಗೆ ಇನ್ನೊಂದು ಸುತ್ತು. ನಾನು ಬರೆದದ್ದು ‘ಅವರ ಅರಿವಿಗೆ ಬಾರದೆ, ಒಪ್ಪಿಗೆಯಿಲ್ಲದೆ ಹೆಸರು ಸೇರಿತ್ತು’. ಅವರು ಒಪ್ಪಲಿಲ್ಲ. ಜರ್ನಲ್ ಕಳಿಸಿದ್ದು ‘ಮೂರನೇ ಆಥರ್ ಮಾನದಂಡಗಳನ್ನು ಪೂರೈಸದ ಕಾರಣ ಹೆಸರು ತೆಗೆಯಲಾಗಿದೆ’. ಅದನ್ನು ಓದಿದರೆ ನಾನು ಏನೋ ಕದಿಯಲು ಹೋಗಿ ಸಿಕ್ಕಿಬಿದ್ದಂತೆ ಇದೆ! ಮೇಲ್‌ಗಳು ಹೋದವು, ಬಂದವು. ಕೊನೆಗೆ ‘ಸ್ವತಃ ಅವರ ಕೋರಿಕೆಯ ಮೇರೆಗೆ, ಅಧ್ಯಯನದಲ್ಲಿ ತಮ್ಮ ಪಾಲಿಲ್ಲವೆಂದು ತಿಳಿಸಿದ್ದರಿಂದ’ ಅನ್ನುವಲ್ಲಿಗೆ ನಿಂತಿತು. ಅಚ್ಚಿಗೆ ಹೋಗುವ ಮೊದಲು ಒಕ್ಕಣೆಯನ್ನು ತೋರಿಸಲೇಬೇಕು ಅಂತ ಮೊದಲ ಮೇಲ್‌ನಲ್ಲೇ ಕೇಳಿಡಿ. ಒಮ್ಮೆ ಅಚ್ಚಾದ ತಿದ್ದುಪಡಿಗೆ ಮತ್ತೊಂದು ತಿದ್ದುಪಡಿ ಯಾರೂ ಹಾಕುವುದಿಲ್ಲ.

ನನ್ನನ್ನು ಕೃತಜ್ಞತೆಯ ಸಾಲಿಗೆ ಇಳಿಸುತ್ತೇವೆ ಅಂದರು. ಅದಕ್ಕೂ ನಮ್ಮ ಲಿಖಿತ ಒಪ್ಪಿಗೆ ಪಡೆಯಬೇಕು ಅನ್ನುತ್ತದೆ ಐಸಿಎಂಜೆಇ. ನಾನು ಕೊಡಲಿಲ್ಲ. ಬದಲಿಗೆ ಲ್ಯಾಬಿನ ಟೆಕ್ನಿಷಿಯನ್‌ಗಳಿಗೆ ಕೃತಜ್ಞತೆ ಹೇಳಿಸಿದೆ, ಅವರ ಒಪ್ಪಿಗೆ ಪತ್ರ ನಾನೇ ಕಳಿಸಿದೆ. ತಿದ್ದುಪಡಿಯ ಪ್ರಿಂಟ್ ತೆಗೆದು ಅವರಲ್ಲೊಬ್ಬರು, ಕಲ್ಚರ್ ಪ್ಲೇಟುಗಳನ್ನು ತಯಾರಿಸುವ ಮೀಡಿಯಾ ರೂಮಿನ ಫ್ರಿಜ್ ಮೇಲೆ ಅಂಟಿಸಿದ್ದಾರೆ.

ತಿದ್ದುಪಡಿ ಬಂದರೂ ಹೆಸರು ಎಲ್ಲ ಕಡೆಯಿಂದ ಹೋಗುವುದಿಲ್ಲ. ಜರ್ನಲ್ ತನ್ನ ಪುಟ ಬದಲಿಸಿತು, ಹಳೆಯ ಪಿಡಿಎಫ್ ಬೇರೆ ತಾಣಗಳಲ್ಲಿ ಹಾಗೇ ಓಡಾಡುತ್ತಿದೆ. ಗೂಗಲ್ ಸ್ಕಾಲರ್‌ನ ನಿಮ್ಮ ಪ್ರೊಫೈಲ್‌ಗೆ ಅದು ತಾನಾಗಿ ಬಂದು ಕೂತಿದ್ದರೆ ನೀವೇ ಡಿಲೀಟ್ ಮಾಡಬೇಕು, ಮತ್ತು ಹೊಸ ಲೇಖನಗಳನ್ನು ತಾನೇ ಸೇರಿಸಿಕೊಳ್ಳುವ ಆಯ್ಕೆಯನ್ನು ‘ನನ್ನನ್ನು ಕೇಳು’ ಅಂತ ಬದಲಿಸಬೇಕು. ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ ಐಡಿ ಇನ್ನೂ ಮಾಡಿಸಿಕೊಂಡಿಲ್ಲದಿದ್ದರೆ ಈಗಲೇ ಮಾಡಿ, ಪುಕ್ಕಟೆ. ಪೇಪರ್ ಸಲ್ಲಿಸುವಾಗ ಎಲ್ಲ ಆಥರ್‌ಗಳೂ ತಮ್ಮ ಆರ್ಕಿಡ್‌ಗೆ ತಾವೇ ಲಾಗಿನ್ ಆಗಿ ದೃಢೀಕರಿಸಬೇಕೆನ್ನುವ ಜರ್ನಲ್‌ಗಳಲ್ಲಿ ಈ ಜಿಮೇಲ್ ಆಟ ನಡೆಯುವುದು ಕಷ್ಟ. ನಮ್ಮ ಕಾಲೇಜಿನ ವಾರ್ಷಿಕ ವರದಿಯಲ್ಲಿ ಈಗಲೂ ಆ ಪೇಪರ್ ಎರಡು ಕಡೆ ಇದೆ, ಸರ್ಜರಿಯ ಸಾಧನೆಯಲ್ಲೊಮ್ಮೆ, ನಮ್ಮ ವಿಭಾಗದ ಸಾಧನೆಯಲ್ಲೊಮ್ಮೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಹೋದ ಪಟ್ಟಿಯಲ್ಲೂ ಹಾಗೇ ಹೋಗಿದೆ. ಕೇಳಿದರೆ, "ಮುಂದಿನ ವರ್ಷ ಸರಿಮಾಡೋಣ ಮೇಡಂ, ಪೋರ್ಟಲ್ ಕ್ಲೋಸ್ ಆಗಿದೆ" ಅನ್ನುತ್ತಾರೆ.

ಮೂರನೇ ಟೇಬಲ್? ಅದೂ ಹಾಗೇ ಇದೆ. ಕೊಲಿಸ್ಟಿನ್ ಇನ್ನೂ ನೂರಕ್ಕೆ ನೂರು ಸೆನ್ಸಿಟಿವ್. ನಾನು ಬೇರೆಯಾಗಿ ಕಳಿಸಿದ್ದ ಮೇಲ್‌ಗೆ, ‘ಲೇಖನದ ವೈಜ್ಞಾನಿಕ ವಿಷಯದ ಬಗ್ಗೆ ಆಕ್ಷೇಪವಿದ್ದ ಓದುಗರು ಸಂಪಾದಕರಿಗೆ ಪತ್ರದ ರೂಪದಲ್ಲಿ ಬರೆಯಬಹುದು’ ಅಂತ ಉತ್ತರ ಬಂತು. ಆಥರ್ ಆಗಿದ್ದಷ್ಟು ದಿನ ನನ್ನದೇ ಪೇಪರಿನ ಬಗ್ಗೆ ನಾನು ಹಾಗೆ ಬರೆಯುವಂತಿರಲಿಲ್ಲ, ಈಗ ಬರೆಯಬಹುದು. ಹೋದ ವಾರ ಬರೆದು ಕಳಿಸಿದೆ. ಗೆಳತಿ ಸೇರಿಕೊಳ್ಳುತ್ತೇನೆ ಅಂದಳು. ಕರಡಿನ ಕೊನೆಯ ಎರಡು ಪ್ಯಾರಾ ಅವಳೇ ಹೊಸದಾಗಿ ಬರೆದದ್ದರಿಂದ ಎರಡನೇ ಹೆಸರು ಅವಳದು. ಸಂಪಾದಕರಿಗೆ ಬರೆದ ಪತ್ರಗಳು ಎನ್‌ಎಂಸಿ ಬಡ್ತಿಯ ಲೆಕ್ಕಕ್ಕೆ ಬರುವುದಿಲ್ಲ.